ಹಕ್ಕಿ ಅಂದ್ರೆ ಕಾಲ, ಮೂರು ಮಾರ್ಕ್ಸು

ಕವಿತೆಗೆ ಅರ್ಥ ಹುಡುಕಬಾರದು, ಸುಮ್ಮನೆ ಅನುಭವಿಸಬೇಕು ಅನ್ನೋ ಮಾತನ್ನು ಈಚೆಗೆ ಬಹಳ ಕಡೆ ಓದ್ತಾ ಇದೀನಿ. ನಮ್ಮ ಬ್ಲಾಗಿಗರಲ್ಲೇ ಒಂದಿಬ್ಬರು ಹೀಗೆ ಬರೆದಿದ್ದಾರೆ. ಹಾಗೆ ಬರೆಯೋವಾಗ ಹೈಸ್ಕೂಲಿಗೆ ಎರಡು ಬೈಗುಳ ಕಡ್ಡಾಯ. ಬಾಯಿಪಾಠ ಮಾಡಿಸಿದರು, ಲಘು ಗುರು ಹಾಕಿಸಿದರು, ಪದ್ಯದ ಜೀವ ತೆಗೆದರು ಅಂತ. ನನಗೆ ಈ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಹೈಸ್ಕೂಲಿನಲ್ಲಿ ಪದ್ಯಕ್ಕೆ ಅನ್ಯಾಯವಾಗುತ್ತೆ, ನಿಜ. ಆದರೆ ಅದು ಬಾಯಿಪಾಠದಿಂದ ಆಗೋದಲ್ಲ, ಪ್ರಸ್ತಾರದಿಂದಲಂತೂ ಅಲ್ಲವೇ ಅಲ್ಲ. ನಾವೆಲ್ಲ ಬಹಳ ಗೌರವದಿಂದ ನೋಡೋ 'ಮೌಲ್ಯ', 'ಆಶಯ', 'ಸ್ವಾರಸ್ಯ' ಅನ್ನೋ ಪದಗಳಿವೆಯಲ್ಲ, ಅನ್ಯಾಯ ಆಗೋದು ಅಲ್ಲಿ. ಸ್ವಲ್ಪ ಉದ್ದದ ಬರಹ ಇದು, ಪುರುಸೊತ್ತಿದ್ದಾಗ ಓದಿ.

ಮೊದಲು ನನ್ನ ಬ್ಯಾಚಿನ ಬಗ್ಗೆ ಹೇಳಿಬಿಡ್ತೀನಿ. ನಮ್ಮದು 2021ರ ಎಸ್ಸೆಸ್ಸೆಲ್ಸಿ. ಅಂದರೆ ಕೊರೊನಾ ಬ್ಯಾಚು. ವರ್ಷದ ಅರ್ಧ ಚಂದನ ವಾಹಿನಿಯ ಪಾಠ, ಕೆರೆ ಏರಿ ಮೇಲೆ ನಿಂತು ನೆಟ್‌ವರ್ಕ್ ಹುಡುಕೋದು, ಅಪ್ಪ ಹೊಲದಿಂದ ಬಂದ ಮೇಲೆ ಕೈಗೆ ಸಿಗೋ ಒಂದೇ ಫೋನು. 2021ರ ಜನವರಿ 1ಕ್ಕೆ ಹತ್ತನೇ ಕ್ಲಾಸಿಗೆ ಶಾಲೆ ತೆರೆದರು, ಬೇಸಿಗೆಗೆ ಮತ್ತೆ ಮುಚ್ಚಿದರು. ಕೊನೆಗೆ ಜುಲೈ 19 ಮತ್ತು 22, ಎರಡೇ ದಿನದಲ್ಲಿ ಪರೀಕ್ಷೆ ಮುಗೀತು. ಮೂರು ಭಾಷೆಗೆ ಸೇರಿ ಒಂದೇ ದಿನ, ಒಂದೊಂದಕ್ಕೆ 40 ಅಂಕ, ಎಲ್ಲವೂ ಬಹು ಆಯ್ಕೆ ಪ್ರಶ್ನೆ. ಓಎಂಆರ್ ಶೀಟಿನಲ್ಲಿ ವೃತ್ತ ತುಂಬೋದು ಅಷ್ಟೇ. ಹೆಚ್ಚೂಕಡಿಮೆ ಎಲ್ಲರೂ ಪಾಸು. ಆ ಪರಿಸ್ಥಿತಿಯಲ್ಲಿ ಬೇರೆ ದಾರಿ ಇರಲಿಲ್ಲ, ಅದರ ಬಗ್ಗೆ ತಕರಾರಿಲ್ಲ. ಆದರೆ ಪದ್ಯದ ವಿಷಯಕ್ಕೆ ಬಂದರೆ ಆ ವರ್ಷ ಹೊಸದೇನೂ ಆಗಲಿಲ್ಲ ಅಂತ ನನ್ನ ಅಭಿಪ್ರಾಯ. ಮಾಮೂಲಿ ವರ್ಷಗಳಲ್ಲಿ ಮೂರು ನಾಲ್ಕು ವಾಕ್ಯದಲ್ಲಿ ಬರೆಯೋ ಉತ್ತರವೂ ಒಳಗೆ ಒಂದು ವೃತ್ತವೇ.

'ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ' ಅನ್ನೋ ಪ್ರಶ್ನೆ ನೆನಪಿದೆಯಲ್ಲ? ಮೂರು ಅಂಕದ್ದು. ಅದಕ್ಕೊಂದು ಅಚ್ಚು. ಆಯ್ಕೆ, ಸಂದರ್ಭ, ಸ್ವಾರಸ್ಯ ಅಂತ ಮೂರು ತಲೆಬರಹ ಹಾಕಿ ಅಡಿಗೆರೆ ಎಳೀಬೇಕು. ಆಯ್ಕೆಯಲ್ಲಿ ಕವಿ ಹೆಸರು, ಕೃತಿ ಹೆಸರು. ಸಂದರ್ಭದಲ್ಲಿ ಯಾರು ಯಾರಿಗೆ ಹೇಳಿದರು. ಸ್ವಾರಸ್ಯದಲ್ಲಿ ಪ್ರಶ್ನೆಯಲ್ಲಿ ಕೊಟ್ಟ ಸಾಲನ್ನೇ ಸ್ವಲ್ಪ ಹಿಂದುಮುಂದು ಮಾಡಿ ಬರೆದು, ಕೊನೆಗೆ 'ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ' ಅಂತ ಮುಗಿಸಿದರೆ ಆಯ್ತು. ಸ್ವಾರಸ್ಯ ಏನು ಅಂತ ಕೇಳಿದರೆ ಸ್ವಾರಸ್ಯಪೂರ್ಣವಾಗಿದೆ ಅಂತ ಉತ್ತರ :) ಊಟ ಹೇಗಿತ್ತು ಅಂದರೆ ಊಟದ ಹಾಗಿತ್ತು ಅಂದಂತೆ. ಇದನ್ನ ಮೇಷ್ಟ್ರ ತಪ್ಪು ಅಂತ ನಾನು ಹೇಳಲ್ಲ. ಸಾವಿರಾರು ಉತ್ತರಪತ್ರಿಕೆ ತಿದ್ದಬೇಕಾದ ವ್ಯವಸ್ಥೆಗೆ ಒಂದು ಅಚ್ಚು ಬೇಕೇ ಬೇಕು. ಅಚ್ಚು ಇರೋ ಕಡೆ ಗೈಡು ಹುಟ್ಟಿಕೊಳ್ಳುತ್ತೆ.

ಈಗ ಹಕ್ಕಿಯ ವಿಷಯಕ್ಕೆ ಬರ್ತೀನಿ. ನಮ್ಮ 'ಸಿರಿ ಕನ್ನಡ' ಪುಸ್ತಕದಲ್ಲಿ ಬೇಂದ್ರೆಯವರ ಹಕ್ಕಿಯ ಪದ್ಯವಿತ್ತು, 'ಗರಿ' ಸಂಕಲನದ್ದು. ನಿಮಗೆಲ್ಲ ಗೊತ್ತಿರೋದೇ. ಗೈಡಿನಲ್ಲಿ ಮೊದಲನೇ ವಾಕ್ಯವೇ 'ಇಲ್ಲಿ ಹಕ್ಕಿ ಎಂದರೆ ಕಾಲ' ಅಂತ. ಪದ್ಯ ಓದೋಕೆ ಮುಂಚೆಯೇ ಕ್ಲಾಸಿನ ಅರ್ಧ ಜನಕ್ಕೆ ಅದು ಗೊತ್ತಿತ್ತು, ಯಾಕಂದ್ರೆ ಹಿಂದಿನ ವರ್ಷದ ಅಣ್ಣಂದಿರ ಗೈಡು ಕೈಬದಲಾಗಿ ಬಂದಿತ್ತು. ಆ ಉತ್ತರ ತಪ್ಪಲ್ಲ. ಖಂಡಿತ ಸರಿ. ಅದು ಸರಿಯಾಗಿರೋದೇ ಕಷ್ಟ. ತಪ್ಪು ಉತ್ತರವಾಗಿದ್ದರೆ ಯಾರಾದರೂ ಜಗಳ ಮಾಡ್ತಿದ್ದರು. ಸರಿ ಉತ್ತರ ಸಿಕ್ಕಿದ ಮೇಲೆ ಪದ್ಯವನ್ನ ಯಾರು ಓದ್ತಾರೆ?

ನಮ್ಮ ಕನ್ನಡ ಮೇಷ್ಟ್ರು ಸ್ವಲ್ಪ ಬೇರೆ ಥರ. ಆ ವರ್ಷ ಪಠ್ಯ ಕಡಿತ ಮಾಡಿದ್ದರೂ ಅವರು ಮಾತ್ರ ಒಂದು ಪದ್ಯವನ್ನೂ ಬಿಡಲಿಲ್ಲ. ಹಕ್ಕಿಯ ಪದ್ಯ ಶುರು ಮಾಡಿದ ದಿನ ಬೋರ್ಡಿನ ಮೇಲೆ 'ಹಕ್ಕಿ = ಕಾಲ' ಅಂತ ತಾವೇ ಬರೆದರು. "ಇದು ಪರೀಕ್ಷೆಗೆ. ಮುಗೀತು. ಈಗ ಹಕ್ಕಿ ವಿಷಯ ಮಾತಾಡಾಣ" ಅಂದರು.

ನಮ್ಮೂರು ಚಿತ್ರದುರ್ಗ ಜಿಲ್ಲೆಯ ಬಯಲುಸೀಮೆ. ಸಜ್ಜೆ, ರಾಗಿ, ಜೋಳ, ಕಡ್ಲೆಕಾಯಿ. ಸಜ್ಜೆ ತೆನೆ ಹಾಲುಗಟ್ಟಿದಾಗ ಹಕ್ಕಿ ಕಾಯೋದು ಮನೆಯ ಹುಡುಗರ ಕೆಲಸ. ತಗಡಿನ ಡಬ್ಬ ಬಡೀಬೇಕು, ಕವಣೆ ಬೀಸಬೇಕು, ಗಂಟಲು ಹರಿಯೋ ಹಾಗೆ ಕೂಗಬೇಕು. ಆ ಪದ್ಯದಲ್ಲಿ ಒಂದು ಕಡೆ ಹಕ್ಕಿ ದೊಡ್ಡ ದೊಡ್ಡ ರಾಜ್ಯಗಳನ್ನೇ ತೆನೆಯ ಹಾಗೆ ಒಕ್ಕುತ್ತೆ ಅನ್ನೋ ಭಾವ ಬರುತ್ತೆ. ಅಲ್ಲಿಗೆ ಬಂದಾಗ ಹಿಂದಿನ ಬೆಂಚಿನ ನನ್ನ ಗೆಳೆಯ ಎದ್ದು ನಿಂತ. ಓದಿನಲ್ಲಿ ಅಷ್ಟಕ್ಕಷ್ಟೇ, ಆದರೆ ಹೊಲದ ಕೆಲಸದಲ್ಲಿ ಎತ್ತಿದ ಕೈ. "ಸಾರ್, ಹಕ್ಕಿ ಒಕ್ಕಲ್ಲ. ಹಕ್ಕಿ ಕುಕ್ತದೆ. ಒಕ್ಕೋರು ನಾವು" ಅಂದ.

ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. "ಕೂತ್ಕೋಬ್ಯಾಡ, ನಿಂತಿರು" ಅಂದರು. ಬೈತಾರೆ ಅಂದುಕೊಂಡೆವು. "ಒಕ್ಕೋದು ಅಂದ್ರೆ ಏನು ಹೇಳು" ಅಂತ ಕೇಳಿದರು. ಅವನು ಹೇಳಿದ. ಕಣ ಮಾಡೋದು, ತೆನೆ ಹರಡೋದು, ಗುಂಡು ಹೊಡೆಯೋದು, ಗಾಳಿಗೆ ತೂರೋದು. "ತೂರಿದ ಮೇಲೆ ಏನಾಗ್ತದೆ?" ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ. "ಹಂಗಾದ್ರೆ ಈ ಹಕ್ಕಿ ಬರೀ ಹಾಳು ಮಾಡೋ ಹಕ್ಕಿನೋ, ಕಾಳು ಬೇರೆ ಮಾಡೋ ಹಕ್ಕಿನೋ?" ಅಂತ ಮೇಷ್ಟ್ರು ಕೇಳಿದರು. ಆಮೇಲೆ ಒಬ್ಬಳು ಹುಡುಗಿ ಪುಸ್ತಕ ನೋಡ್ತಾ, ಕುಕ್ಕೋ ಮಾತು ಕೂಡ ಅಲ್ಲೇ ಇದೆ ಸಾರ್, ಚಕ್ರವರ್ತಿಗಳ ತಲೆ ಕುಕ್ಕುತ್ತೆ ಅಂತ ತೋರಿಸಿದಳು. ಅಂದರೆ ರಾಜ್ಯವನ್ನ ಒಕ್ಕುತ್ತೆ, ರಾಜನನ್ನ ಕುಕ್ಕುತ್ತೆ. ಎರಡಕ್ಕೂ ಬೇರೆ ಬೇರೆ ಕ್ರಿಯಾಪದ. ಒಂದರಲ್ಲಿ ರೈತ, ಇನ್ನೊಂದರಲ್ಲಿ ಹಕ್ಕಿ. ಆ ಪೀರಿಯಡ್ಡು ಪೂರ್ತಿ ಈ ಎರಡು ಪದಗಳಲ್ಲೇ ಕಳೀತು. ಕಾಲ ಅನ್ನೋದು ನಾಶ ಮಾತ್ರ ಅಂತ ಕೆಲವರು, ಇಲ್ಲ, ಏನನ್ನೋ ಉಳಿಸ್ತದೆ ಅಂತ ಕೆಲವರು. ಗಂಟೆ ಹೊಡೆದಾಗಲೂ ತೀರ್ಮಾನ ಆಗಿರಲಿಲ್ಲ. ಹೊರಗೆ ಹೋಗ್ತಾ ಮೇಷ್ಟ್ರು, "ಪರೀಕ್ಷೇಲಿ ಮಾತ್ರ ಕಾಲ ಅಂತ ಬರೀರಪ್ಪಾ" ಅಂದರು.

ನನ್ನ ವಾದವೆಲ್ಲ ಇರೋದು ಇಲ್ಲೇ. ಆ ಹುಡುಗ ಮಾಡಿದ್ದು 'ಸುಮ್ಮನೆ ಅನುಭವಿಸೋದು' ಅಲ್ಲ. ಅವನು ತಕರಾರು ತೆಗೆದ. ಒಂದು ಪದ ಹಿಡಿದುಕೊಂಡು, ಇದು ಹೀಗಿರಲ್ಲವಲ್ಲ ಅಂದ. ಅರ್ಥ ಹೇಳೋದು ಅಂದರೆ ಇದು. ಹಾಗೇ, ಅದು 'ನನಗೆ ಅನ್ನಿಸಿದ್ದೇ ಅರ್ಥ' ಅನ್ನೋದೂ ಅಲ್ಲ. ಅವನ ಮಾತಿಗೆ ಆ ಹುಡುಗಿ ಉತ್ತರ ಕೊಟ್ಟಿದ್ದು ಪುಸ್ತಕದಲ್ಲಿದ್ದ ಇನ್ನೊಂದು ಪದ ತೋರಿಸಿ. 'ಪ್ರತಿಯೊಬ್ಬರಿಗೂ ಅವರವರ ಅರ್ಥ' ಅನ್ನೋ ಮಾತು ಕೇಳೋಕೆ ಉದಾರವಾಗಿದೆ. ಆದರೆ ಅದರಲ್ಲಿ ಜಗಳಕ್ಕೆ ಜಾಗವಿಲ್ಲ. ನಿಂದು ನಿನಗೆ ನಂದು ನನಗೆ ಅಂದಮೇಲೆ ಒಂದು ಕ್ಲಾಸಿನಲ್ಲಿ ಅರವತ್ತು ಜನ ಕೂತು ಒಂದೇ ಪದ್ಯ ಓದೋದಾದರೂ ಯಾಕೆ? ಗೈಡಿನದು ಒಂದು ರೀತಿಯ ಬಾಗಿಲು ಮುಚ್ಚೋದು, ಇದು ಇನ್ನೊಂದು ರೀತಿಯದು.

ಇನ್ನೊಂದು ಸಂಗತಿ ನನಗೆ ತಿಳಿದಿದ್ದು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ, ಬೇಂದ್ರೆಯವರ ಜೀವನದ ಬಗ್ಗೆ ಓದ್ತಿದ್ದಾಗ. 'ಗರಿ' ಪ್ರಕಟವಾಗಿದ್ದು 1932ರಲ್ಲಿ. ಅದೇ ಸಂಕಲನದಲ್ಲಿ 'ನರಬಲಿ' ಅನ್ನೋ ಕವಿತೆಯಿದೆ. ಅದು ರಾಜದ್ರೋಹದ ಕವಿತೆ ಅಂತ ಬ್ರಿಟಿಷ್ ಸರ್ಕಾರ ಬೇಂದ್ರೆಯವರನ್ನ ಬೆಳಗಾವಿ ಹತ್ತಿರದ ಹಿಂಡಲಗಾ ಜೈಲಿಗೆ ಹಾಕಿತು. ಅವರು ಹೈಸ್ಕೂಲಿನಲ್ಲಿ ಪಾಠ ಹೇಳಿದ್ದ ಮೇಷ್ಟ್ರು. ನೆಲೆಯಾದ ಕೆಲಸಕ್ಕಾಗಿ ವರ್ಷಗಟ್ಟಲೆ ಅಲೆಯಬೇಕಾಯ್ತು. ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿ ನೆಲೆ ಸಿಕ್ಕಿದ್ದು 1944ರಲ್ಲಿ. ಕವಿತೆಗೆ ಅರ್ಥ ಹಚ್ಚೋದು ಪರೀಕ್ಷೆಯ ಮೂರು ಮಾರ್ಕಿನ ವಿಷಯ ಅಂತ ನಾವು ಅಂದುಕೊಂಡಿದ್ದರೆ, ಆ ಸರ್ಕಾರಕ್ಕೆ ಹಾಗನ್ನಿಸಿರಲಿಲ್ಲ. ಅವರು ಬಹಳ ಗಮನವಿಟ್ಟು ಓದಿದರು ಅಂತ ಕಾಣುತ್ತೆ!

ಇದನ್ನ ಓದಿದ ದಿನ ಊರಿಗೆ ಹೋಗೋ ಬಸ್ಸಿನಲ್ಲಿದ್ದೆ. ಹಕ್ಕಿಯ ಪದ್ಯ ಬಾಯಿಗೆ ಬರ್ತಿತ್ತಲ್ಲ, ಮನಸ್ಸಿನಲ್ಲೇ ಒಂದು ಸಲ ಹೇಳಿಕೊಂಡೆ. ಸಾಮ್ರಾಜ್ಯ ಅನ್ನೋ ಪದ ಬಂದಾಗ ತಲೆಯೊಳಗೆ ಏನೋ ಟಣ್ ಅಂತು. 1932ರಲ್ಲಿ ಧಾರವಾಡದಲ್ಲಿ ಕೂತು ಓದೋರಿಗೆ ಸಾಮ್ರಾಜ್ಯ ಅನ್ನೋದು ಇತಿಹಾಸದ ಪಾಠದ ಪದವಲ್ಲ. ಕಚೇರಿ ಮೇಲೆ ಅದರ ಬಾವುಟ ಹಾರ್ತಿತ್ತು. ಆ ನುಡಿಯಲ್ಲಿ ಕವಿ ರಾಜ್ಯಗಳ ಬಗ್ಗೆ ಆಡುಮಾತಿನ ಗೇಲಿಯೂ ಮಾಡ್ತಾರೆ, ನಾವು 'ಕಾಫಿ ಗೀಫಿ' ಅಂತೀವಲ್ಲ ಆ ಧಾಟಿಯಲ್ಲಿ. ಹತ್ತನೇ ಕ್ಲಾಸಿನಲ್ಲಿ ಅದು ಪ್ರಾಸಕ್ಕೆ ಹಾಕಿದ ತಮಾಷೆ ಅಷ್ಟೇ ಅನ್ನಿಸಿತ್ತು. ಸೂರ್ಯ ಮುಳುಗದ ಸಾಮ್ರಾಜ್ಯದ ಪ್ರಜೆಯೊಬ್ಬ ರಾಜ್ಯಗೀಜ್ಯ ಅನ್ನೋ ಥರ ಮಾತಾಡಿದರೆ, ಅದೂ ಇನ್ನೊಂದು ಕವಿತೆಗೆ ಜೈಲಾದ ಪುಸ್ತಕದಲ್ಲೇ, ಅದು ಬರೀ ಪ್ರಾಸವಾ? ಬೇಂದ್ರೆಯವರ ಮನಸ್ಸಿನಲ್ಲಿ ಇದೇ ಇತ್ತು ಅಂತ ನಾನು ಸಾಧಿಸೋಕೆ ಹೊರಟಿಲ್ಲ. ಪದಗಳು ಅಲ್ಲಿವೆ, ಇಸವಿ ಅಲ್ಲಿದೆ, ಒಟ್ಟಿಗೆ ಇಟ್ಟು ನೋಡಿ ಅಂತೀನಿ. 'ಹಕ್ಕಿ ಅಂದ್ರೆ ಕಾಲ' ಅಂತ ಬರೆದು ಮುಚ್ಚಿಟ್ಟರೆ ಇದು ಕಾಣಲ್ಲ. ಕಾಲ ಅನ್ನೋದು ಯಾರಿಗೂ ನೋವು ಮಾಡದ ಉತ್ತರ. ಯಾವ ಸರ್ಕಾರವೂ ಅದಕ್ಕೆ ಜೈಲಿಗೆ ಹಾಕಲ್ಲ.

ಅದಕ್ಕೇ ನಾನು ಕಂಠಪಾಠದ ಪರ. ಬಸ್ಸಿನಲ್ಲಿ ನನ್ನ ಹತ್ತಿರ ಪುಸ್ತಕ ಇರಲಿಲ್ಲ. ಗೈಡಿನಲ್ಲಿ ಏನು ಬರೆದಿತ್ತು ಅಂತ ಕೇಳಿದರೆ ಆ ಒಂದು ವಾಕ್ಯ ಬಿಟ್ಟು ಬೇರೇನೂ ನೆನಪಿಲ್ಲ. ಪದ್ಯ ಮಾತ್ರ ಇತ್ತು. ಹದಿನೈದು ವರ್ಷದ ಹುಡುಗನಿಗೆ ಅರ್ಥವಾಗದ್ದು ಇಪ್ಪತ್ತಕ್ಕೆ ಅರ್ಥವಾಗಬೇಕಾದರೆ ಅದು ಅಲ್ಲಿಯವರೆಗೆ ಎಲ್ಲೋ ಇರಬೇಕಲ್ಲ? ಅರ್ಥ ಗೊತ್ತಿಲ್ಲದೆ ಬಾಯಿಪಾಠ ಮಾಡೋದು ವ್ಯರ್ಥ ಅಂತಾರೆ. ಅರ್ಥ ಗೊತ್ತಾಗಿರದ ಪದ್ಯವನ್ನೇ ಬಾಯಿಪಾಠ ಮಾಡಬೇಕು, ಗೊತ್ತಾಗಿದ್ದನ್ನ ಮರೆತರೂ ನಡೆಯುತ್ತೆ ಅಂತ ನಾನು ಹೇಳ್ತೀನಿ. ನಮ್ಮಜ್ಜಿಗೆ ಓದೋಕೆ ಬರ್ತಿರಲಿಲ್ಲ, ಆದರೆ ಸೋಬಾನೆ ಪದ ಶುರು ಮಾಡಿದರೆ ರಾತ್ರಿ ಕಳೀತಿತ್ತು. ಅವಳನ್ನ ಯಾರೂ ಭಾವಾರ್ಥ ಕೇಳಲಿಲ್ಲ.

ಪ್ರಸ್ತಾರದ ಬಗ್ಗೆಯೂ ಎರಡು ಮಾತು. ಇದನ್ನ ಬೈಯೋರು ಜಾಸ್ತಿ. ಭಾಮಿನಿ ಷಟ್ಪದಿ ಅಂದರೆ ಒಂದು, ಎರಡು, ನಾಲ್ಕು, ಐದನೇ ಸಾಲಿಗೆ ಮೂರು ನಾಲ್ಕು ಮೂರು ನಾಲ್ಕು, ಒಟ್ಟು 14 ಮಾತ್ರೆ. ಮೂರನೇ ಮತ್ತು ಆರನೇ ಸಾಲಿಗೆ ಅದು ಒಂದೂವರೆ ಪಟ್ಟಾಗಿ ಮೇಲೊಂದು ಗುರು, 23 ಮಾತ್ರೆ. ಪೂರ್ತಿ ಪದ್ಯಕ್ಕೆ 102. ಕುಮಾರವ್ಯಾಸ ಇಡೀ ಭಾರತದ ಹತ್ತು ಪರ್ವವನ್ನ ಈ ಲೆಕ್ಕದಲ್ಲೇ ಹೇಳಿದ. ಒತ್ತಕ್ಷರದ ಹಿಂದಿನ ಅಕ್ಷರ ಗುರು, ಅನುಸ್ವಾರ ಇದ್ದರೆ ಗುರು, ದೀರ್ಘ ಗುರು ಅಂತ ಒಂದೊಂದೇ ಅಕ್ಷರದ ತಲೆ ಮೇಲೆ ಗೆರೆ ಹಾಕ್ತಾ ಹೋಗಬೇಕು. ಬೋರು, ನಿಜ. ಆದರೆ ಯೋಚನೆ ಮಾಡಿ, ಇಡೀ ಪ್ರಶ್ನೆಪತ್ರಿಕೆಯಲ್ಲಿ ವಿದ್ಯಾರ್ಥಿ ಪದ್ಯವನ್ನ ನಿಜವಾಗಿ ನೋಡಲೇಬೇಕಾದ ಪ್ರಶ್ನೆ ಬೇರೆ ಯಾವುದಿದೆ? ಸಾರಾಂಶವನ್ನ ಪದ್ಯ ನೋಡದೇ ಬರೀಬಹುದು. ಸ್ವಾರಸ್ಯದ ಕಥೆ ಆಗಲೇ ಹೇಳಿದೆ. ಲೆಕ್ಕ ತಪ್ಪಿದಾಗ ಮಾತ್ರ ಸಾಲನ್ನ ಮತ್ತೆ ಜೋರಾಗಿ ಓದಬೇಕು, ಕಿವಿಗೆ ಕೇಳಿಸಿಕೊಳ್ಳಬೇಕು. ಕರ್ಣನಿಗೆ ಅವನ ಹುಟ್ಟಿನ ಗುಟ್ಟನ್ನ ಕೃಷ್ಣ ಹೇಳೋ ಭಾಗ ನಮಗಿತ್ತು. ಮಾತ್ರೆ ಎಣಿಸೋಕೆ ಅಂತ ಐದಾರು ಸಲ ಓದಿ ಓದಿ, ಎಣಿಸೋದು ಬಿಟ್ಟು ಕರ್ಣನಿಗಾಗಿ ಸಂಕಟಪಟ್ಟವರು ನಮ್ಮ ಕ್ಲಾಸಿನಲ್ಲಿದ್ದರು.

'ಮೌಲ್ಯ'ದ ಪ್ರಶ್ನೆ ಇದಕ್ಕೆ ತದ್ವಿರುದ್ಧ. ಪದ್ಯ ಕೊಟ್ಟು ಅದರಲ್ಲಿರೋ ಮೌಲ್ಯದ ಆಧಾರದ ಮೇಲೆ ಸಾರಾಂಶ ಬರೆಯಿರಿ ಅಂತಾರೆ. ಕುವೆಂಪು ಅವರ 'ಹಸುರು' ಕವಿತೆಯನ್ನೇ ತಗೊಳ್ಳಿ, 'ಪಕ್ಷಿಕಾಶಿ'ಯದು. ನವರಾತ್ರಿಯ ಹೊತ್ತಿನ ಮಲೆನಾಡು. ಗದ್ದೆ, ಬೆಟ್ಟ, ಆಕಾಶ ಎಲ್ಲ ಹಸಿರಾಗಿ, ಕೊನೆಗೆ ನೋಡ್ತಿರೋ ಕವಿಯೇ ಒಳಗೊಳಗೆ ಹಸಿರಾಗಿಬಿಡ್ತಾನೆ. ಹೂವಿನ ವಾಸನೆ, ಗಾಳಿಯ ತಂಪು, ಹಕ್ಕಿಯ ದನಿ ಕೂಡ ಹಸಿರು. ವಾಸನೆಗೆ ಎಲ್ಲಿಯ ಬಣ್ಣ? ನಮ್ಮ ಬಯಲುಸೀಮೆಯ ಹುಡುಗರಿಗಂತೂ ಇದು ಬೇರೆ ಲೋಕ. ನಮ್ಮಲ್ಲಿ ಹಸಿರು ಅಂದರೆ ಮಳೆ ಬಂದ ವರ್ಷ ಕಡ್ಲೆಕಾಯಿ ಹೊಲದಲ್ಲಿ ಎರಡು ತಿಂಗಳು ಇದ್ದು ಹೋಗೋ ನೆಂಟ. ಹಸಿರನ್ನ ಇಷ್ಟು ಕಂಡು ಒಬ್ಬ ಮನುಷ್ಯ ಹುಚ್ಚಾಗ್ತಾನಾ ಅಂತ ಕೇಳಬೇಕಾದ ಕಡೆ, ನಾವು ಬರೆದ ಉತ್ತರ 'ಪರಿಸರವನ್ನು ಸಂರಕ್ಷಿಸಬೇಕು ಎಂಬ ಮೌಲ್ಯ ಇಲ್ಲಿದೆ'. ಪರಿಸರ ಉಳಿಸಬೇಕು, ಯಾರು ಬೇಡ ಅಂದರು. ಆದರೆ ಆ ಕವಿತೆ ಅರಣ್ಯ ಇಲಾಖೆಯ ಬೋರ್ಡು ಅಲ್ಲವಲ್ಲ!

ಕವಿಯ ಆಶಯದ ಬಗ್ಗೆ ಕೇಳೋರಿಗೆ ರನ್ನನನ್ನ ತೋರಿಸಬೇಕು. ಅವನ ಕಾವ್ಯದ ಹೆಸರು 'ಸಾಹಸಭೀಮ ವಿಜಯ'. ಆಶ್ರಯ ಕೊಟ್ಟ ಚಾಲುಕ್ಯ ರಾಜ ಸತ್ಯಾಶ್ರಯನನ್ನ ಭೀಮನಿಗೆ ಸಮೀಕರಿಸಿ ಬರೆದಿದ್ದು. ಆಶಯ ಸ್ಪಷ್ಟವಾಗಿದೆ, ಹೆಸರಿನಲ್ಲೇ ಇದೆ. ನಮಗೆ ಪಾಠಕ್ಕಿದ್ದಿದ್ದು ದುರ್ಯೋಧನ ಶರಶಯ್ಯೆಯ ಮೇಲಿದ್ದ ಭೀಷ್ಮರ ಹತ್ತಿರ ಸಂಧಿ ಮಾತ್ರ ಆಗಲ್ಲ ಅನ್ನೋ ಭಾಗ. ತಮ್ಮಂದಿರಿಲ್ಲ, ಕರ್ಣನಿಲ್ಲ, ಆದರೂ ಬಗ್ಗಲ್ಲ. ಕ್ಲಾಸಿನ ಹುಡುಗರು ಹುಡುಗಿಯರು ಎಲ್ಲ ದುರ್ಯೋಧನನ ಕಡೆ! ಮೇಷ್ಟ್ರು ಅವತ್ತು ಬಹಳ ಖುಷಿಯಲ್ಲಿದ್ದರು. ಈ ಕಾವ್ಯದ ನಿಜವಾದ ನಾಯಕ ಯಾರು ಅಂತ ದೊಡ್ಡ ದೊಡ್ಡ ವಿದ್ವಾಂಸರೇ ವಾದ ಮಾಡಿದ್ದಾರೆ, ಇದನ್ನ ಆಧರಿಸಿ ಬಿ.ಎಂ.ಶ್ರೀ. ಅವರು ನಾಟಕವನ್ನೇ ಮಾಡಿದ್ದಾರೆ ಅಂತ ಹೇಳಿದರು. ಒಂದು ಸಾವಿರ ವರ್ಷದಿಂದ ಓದುಗರು ಕವಿ ಹೆಸರಿಟ್ಟ ನಾಯಕನನ್ನ ಬಿಟ್ಟು ಇನ್ನೊಬ್ಬನಿಗೆ ಕಣ್ಣೀರು ಹಾಕ್ತಿದ್ದಾರೆ ಅಂದರೆ, ಅದಕ್ಕೂ ಕಾರಣ ರನ್ನನ ಪದಗಳೇ. ಆಶಯ ಒಂದು ಕಡೆ ಎಳೆದರೆ ಪದಗಳು ಇನ್ನೊಂದು ಕಡೆ ಎಳೆದಿವೆ. ಕವಿಯ ಆಶಯವೇನು ಅನ್ನೋ ಪ್ರಶ್ನೆಗೆ ಇಲ್ಲಿ ಎರಡು ಮಾರ್ಕಿನ ಉತ್ತರ ಹೇಗೆ ಬರೆಯೋದು?

ಈಗ ತಂಗಿ ಹೈಸ್ಕೂಲಿನಲ್ಲಿದ್ದಾಳೆ. ಅವಳಿಗೆ ಗೈಡೂ ಬೇಕಾಗಿಲ್ಲ. ಪದ್ಯದ ಫೋಟೋ ತೆಗೆದು ಫೋನಿಗೆ ಕೊಟ್ಟರೆ ಸಾರಾಂಶ, ಮೌಲ್ಯ, ಆಶಯ ಎಲ್ಲ ಅಚ್ಚುಕಟ್ಟಾಗಿ ಬರುತ್ತೆ. ನಮ್ಮ ಗೈಡಿಗಿಂತ ಒಳ್ಳೆ ಕನ್ನಡದಲ್ಲೇ ಬರುತ್ತೆ, ಕಾಗುಣಿತದ ತಪ್ಪೂ ಕಮ್ಮಿ. ಹೀಗಿರೋವಾಗ ಆ ಅಚ್ಚಿನ ಪ್ರಶ್ನೆಗಳನ್ನ ಇಟ್ಟುಕೊಂಡು ಏನು ಪರೀಕ್ಷೆ ಮಾಡ್ತೀವಿ? ಫೋನು ಎಷ್ಟು ಚೆನ್ನಾಗಿ ಬರೆಯುತ್ತೆ ಅಂತಲಾ? ನನಗೆ ಅಧಿಕಾರ ಇದ್ದಿದ್ದರೆ (ಇಲ್ಲ, ಪ್ಲೇಸ್‌ಮೆಂಟ್ ಸಿಕ್ಕರೆ ಸಾಕಾಗಿದೆ) ಕನ್ನಡ ಪತ್ರಿಕೆಯಲ್ಲಿ ಒಂದೇ ಒಂದು ಪ್ರಶ್ನೆ ಬದಲಾಯಿಸ್ತಿದ್ದೆ. ಕಂಠಪಾಠದ ಪದ್ಯ ಹಾಗೇ ಇರಲಿ, ಪ್ರಸ್ತಾರವೂ ಇರಲಿ. ಮೌಲ್ಯದ ಪ್ರಶ್ನೆ ತೆಗೆದು, 'ಈ ಪದ್ಯದಲ್ಲಿ ನಿನಗೆ ಸರಿಕಾಣದ, ಇದ್ಯಾಕೆ ಹೀಗೆ ಅನ್ನಿಸಿದ ಒಂದು ಪದವನ್ನು ಆರಿಸಿ, ಯಾಕೆ ಅಂತ ಬರೆ' ಅಂತ ಕೇಳ್ತಿದ್ದೆ. ತಿದ್ದೋದು ಕಷ್ಟ ಅಂತೀರಾ? ಕಷ್ಟವೇ. ಅಚ್ಚು ಹಾಕಿ ತಿದ್ದೋಕಾಗಲ್ಲ, ಓದಬೇಕಾಗುತ್ತೆ. ಒಂದು ಪ್ರಶ್ನೆ, ನಾಲ್ಕು ಅಂಕ, ಅಷ್ಟೇ ಕೇಳ್ತಿರೋದು.

ತಂಗಿಗೆ ಮೊನ್ನೆ ಇದನ್ನ ಹೇಳಿದೆ. "ಅಣ್ಣಾ, ಹಂಗೆ ಕೇಳಿದ್ರೆ ನಾನು ಪೂರ್ತಿ ಪದ್ಯ ಓದಬೇಕಾಗ್ತದೆ" ಅಂತ ಮುಖ ಸಿಂಡರಿಸಿದಳು.

ಮೇಷ್ಟ್ರುಗಳು ಯಾರಾದರೂ ಇದನ್ನ ಓದ್ತಿದ್ದರೆ ತಿದ್ದೋ ಕಷ್ಟದ ಬಗ್ಗೆ ದಯವಿಟ್ಟು ಬರೀರಿ. ನಾನು ಉತ್ತರ ಬರೆದವನಷ್ಟೇ, ತಿದ್ದಿದವನಲ್ಲ. ಉಳಿದವರು, ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದರಲ್ಲಿ ಈಗಲೂ ಪೂರ್ತಿ ಬರೋ ಪದ್ಯ ಯಾವುದು, ಯಾವ ಪದದ ಹತ್ತಿರ ತಡವರಿಸ್ತೀರಿ ಅಂತ ಹೇಳಿ.